ತೇಪೆಯೇ ಡಂಗುರವಾದಾಗ

1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ‘ಮಾರ್ಕ್ ಒಂದು’ ಎಂಬ ದೈತ್ಯ ಗಣಕಯಂತ್ರಕ್ಕೆ ಆಜ್ಞೆಗಳನ್ನು ಉಣಿಸುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯ ಮೂಲಕ. ತೂತಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಉಳಿದುಬಂದಿರುವ ಅಂಥ ಪಟ್ಟಿಯೊಂದರ ಚಿತ್ರವನ್ನು ಗಮನವಿಟ್ಟು ನೋಡಿದರೆ ಅಲ್ಲಲ್ಲಿ ಚಿಕ್ಕ ಕಾಗದದ ಚೂರುಗಳನ್ನು ಅಂಟಿಸಿರುವುದು ಕಾಣುತ್ತದೆ. ತಪ್ಪಾದ ಕಡೆ ಬಿದ್ದ ತೂತುಗಳನ್ನು ಯಾರೋ ಮುಚ್ಚಿದ್ದಾರೆ. ಇಡೀ ಪಟ್ಟಿಯನ್ನು ಮತ್ತೆ ಮೊದಲಿನಿಂದ ಕೊರೆಯುವ ಬದಲು ತಪ್ಪಿದ್ದಲ್ಲಿಗೆ ಮಾತ್ರ ಒಂದು ತೇಪೆ. ಕಾಗದದ ಪಟ್ಟಿಗಳು ಮೂಲೆ ಸೇರಿ ಎಷ್ಟೋ ವರ್ಷಗಳಾದವು. ಮಾತು ಮಾತ್ರ ಉಳಿಯಿತು. ಇಂದು ಕಂಪ್ಯೂಟರಿನ ಮುಂದೆ ಕೂತವರು ‘ಪ್ಯಾಚ್ ಬಂದಿದೆ, ಹಾಕಿಕೊಳ್ಳಿ’ ಎನ್ನುವಾಗ ಆಡುತ್ತಿರುವುದು ಇದೇ ಮಾತು.

ನಮ್ಮಲ್ಲಿ ‘ತೇಪೆ ಹಚ್ಚುವುದು’ ಎಂದರೆ ಅಷ್ಟು ಗೌರವದ ಮಾತಲ್ಲ. ಹೇಗೋ ಕೆಲಸ ಸಾಗಿಸಿದ, ಮೂಲ ಸರಿಪಡಿಸಲಿಲ್ಲ ಎಂಬ ಅರ್ಥ ಅದರಲ್ಲಿದೆ. ಬಟ್ಟೆಯ ತೇಪೆಗೆ ಇನ್ನೊಂದು ಗುಣವೂ ಉಂಟು. ಹರಿದದ್ದು ಎಲ್ಲಿ ಎಂದು ತೇಪೆಯೇ ಎಲ್ಲರಿಗೂ ಸಾರಿ ಹೇಳುತ್ತದೆ. ತಂತ್ರಾಂಶದ ಇತಿಹಾಸದಲ್ಲಿ ಈ ಎರಡನೆಯ ಗುಣವೇ ದೊಡ್ಡ ತಲೆನೋವಾಗಿ ಬೆಳೆದಿದೆ.

ಮೊದಮೊದಲು ತೇಪೆ ಎಂದರೆ ಬರೀ ದೋಷ ತಿದ್ದುವ ಕೆಲಸ. ಲೆಕ್ಕ ತಪ್ಪು ಬರುತ್ತಿತ್ತು, ಸರಿಮಾಡಿದರು, ಅಷ್ಟೆ. 1985ರಲ್ಲಿ ಲ್ಯಾರಿ ವಾಲ್ ಎಂಬಾತ ‘ಪ್ಯಾಚ್’ ಎಂಬ ಹೆಸರಿನದೇ ಒಂದು ಪುಟ್ಟ ಪ್ರೋಗ್ರಾಂ ಬರೆದು ಹಂಚಿದ. ಹಳೆಯ ಪಠ್ಯಕ್ಕೂ ಹೊಸ ಪಠ್ಯಕ್ಕೂ ಇರುವ ವ್ಯತ್ಯಾಸದ ಸಾಲುಗಳನ್ನಷ್ಟೇ ಕೊಟ್ಟರೆ ಉಳಿದದ್ದನ್ನು ಅದು ತಾನೇ ಹೊಲಿಯುತ್ತಿತ್ತು. ದೂರದೂರಿನ ಗೆಳೆಯರು ಇಡೀ ತಂತ್ರಾಂಶವನ್ನು ಕಳಿಸದೆ ನಾಲ್ಕು ಸಾಲು ಕಳಿಸಿ ಪರಸ್ಪರರ ತಪ್ಪು ತಿದ್ದತೊಡಗಿದರು. ಕಳ್ಳರ ಚಿಂತೆ ಆಗ ಹೆಚ್ಚಿನವರಿಗೆ ಇರಲಿಲ್ಲ.

ಆ ಚಿಂತೆ ಬಂದದ್ದು 1988ರ ನವೆಂಬರ್ 2ರ ರಾತ್ರಿ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಡುವ ಪ್ರೋಗ್ರಾಂ ಒಂದನ್ನು ಆಗಿನ ಇಂಟರ್‌ನೆಟ್‌ಗೆ ಬಿಟ್ಟ. (ಆತನ ತಂದೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತೆಯ ಹಿರಿಯ ವಿಜ್ಞಾನಿ!) ಅದು ನುಗ್ಗಿದ ದಾರಿಗಳಲ್ಲಿ ಒಂದನ್ನು ಹೇಳಿದರೆ ಸಾಕು. ಯೂನಿಕ್ಸ್ ಗಣಕಗಳಲ್ಲಿ ‘ಫಿಂಗರ್’ ಎಂಬ ಸಾಧು ಸೇವೆ ಇತ್ತು. ಇಂಥವರು ಯಾರು, ಈಗ ಕೆಲಸದಲ್ಲಿದ್ದಾರೆಯೇ ಎಂದು ಕೇಳಿದರೆ ಉತ್ತರಿಸುತ್ತಿತ್ತು. ಕೇಳುವವರ ಪ್ರಶ್ನೆಗೆ ಅದು ಇಟ್ಟ ಜಾಗ 512 ಅಕ್ಷರಗಳದು. ಮಾರಿಸ್‌ನ ಹುಳು 536 ಅಕ್ಷರ ಕಳಿಸಿತು. ಪಾವಿನ ಪಾತ್ರೆಗೆ ಅಚ್ಚೇರು ಸುರಿದರೆ ಉಕ್ಕಿ ಒಲೆಗೆ ಬೀಳುವಂತೆ ಹೆಚ್ಚುವರಿ ಅಕ್ಷರಗಳು ಪಕ್ಕದ ಜಾಗಕ್ಕೆ ಚೆಲ್ಲಿದವು. ಆ ಜಾಗದಲ್ಲಿ ಇದ್ದದ್ದು ‘ಮುಂದೆ ಏನು ಮಾಡಬೇಕು’ ಎಂಬ ಸೂಚನೆ. ಗಣಕ ಹುಳುವಿನ ಮಾತನ್ನೇ ತನ್ನ ಯಜಮಾನನ ಮಾತೆಂದು ಪಾಲಿಸಿತು.

ಸುಮಾರು 6,000 ಗಣಕಗಳು ಕುಸಿದವೆಂದು ಅಂದಾಜು. ಆಗ ಇಡೀ ಜಾಲದಲ್ಲಿ ಇದ್ದವೇ ಅರವತ್ತು ಸಾವಿರದಷ್ಟು. ಬರ್ಕ್ಲಿಯ ಕೀತ್ ಬಾಸ್ಟಿಕ್ ಮತ್ತು ಸಂಗಡಿಗರು ರಾತ್ರೋರಾತ್ರಿ ತೇಪೆ ಸಿದ್ಧಪಡಿಸಿ, ಬೆಳಗಾಗುವ ಹೊತ್ತಿಗೆ ಜಾಲಕ್ಕೆ ಹಾಕಿದರು. ಇಲ್ಲೇ ಸ್ವಾರಸ್ಯ. ಗಾಬರಿಗೊಂಡ ಎಷ್ಟೋ ಸಂಸ್ಥೆಗಳು ಅಷ್ಟರಲ್ಲಿ ತಮ್ಮ ಗಣಕಗಳನ್ನು ಜಾಲದಿಂದ ಕಿತ್ತುಹಾಕಿದ್ದವು. ರೋಗ ಬಂದ ದಾರಿಯಲ್ಲೇ ಔಷಧವೂ ಬರಬೇಕು, ದಾರಿಯೋ ಮುಚ್ಚಿದೆ! ಆ ತಿಂಗಳಲ್ಲೇ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ಸಮಯಕ್ಕೆಂದೇ ಒಂದು ತುರ್ತು ತಂಡ ಹುಟ್ಟಿತು. ಅದರ ಮಾದರಿಯ ಸಂಸ್ಥೆ ಭಾರತದಲ್ಲಿ ಆರಂಭವಾದದ್ದು 2004ರಲ್ಲಿ. ಮಾರಿಸ್‌ಗೆ ಮೂರು ವರ್ಷ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು ದಂಡ ಬಿತ್ತು.

ಬಿರುಕು ಗೊತ್ತಾದ ಮೇಲೆ ಅದನ್ನು ಊರಿಗೆಲ್ಲ ಹೇಳಬೇಕೇ, ಗುಟ್ಟಾಗಿಡಬೇಕೇ? ಈ ಜಗಳ ಕಂಪ್ಯೂಟರಿಗಿಂತ ಹಳೆಯದು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಬೀಗದ ಕುಶಲಿ ಆಲ್ಫ್ರೆಡ್ ಹಾಬ್ಸ್, ತೆಗೆಯಲಾಗದೆಂದು ಹೆಸರಾಗಿದ್ದ ಚಬ್ ಕಂಪನಿಯ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದ. ಇನ್ನೂರು ಗಿನಿ ಬಹುಮಾನದ ಸವಾಲಿನೊಂದಿಗೆ ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿ ಕೂತಿದ್ದ ಬ್ರಾಮಾ ಬೀಗವನ್ನೂ ಐವತ್ತಕ್ಕೂ ಹೆಚ್ಚು ಗಂಟೆ ಹೆಣಗಿ ತೆಗೆದೇಬಿಟ್ಟ. ಇದನ್ನೆಲ್ಲ ಬಹಿರಂಗ ಮಾಡಿದರೆ ಕಳ್ಳರಿಗೆ ಪಾಠ ಹೇಳಿದಂತಾಗದೇ ಎಂದು ಕೇಳಿದವರಿಗೆ ಹಾಬ್ಸ್ ಪಕ್ಷದವರ ಉತ್ತರ ಸರಳ: ಕಳ್ಳರಿಗೆ ಆಗಲೇ ಗೊತ್ತಿದೆ, ಗೊತ್ತಿಲ್ಲದಿರುವುದು ಮನೆಯವರಿಗೆ ಮಾತ್ರ.

ತಂತ್ರಾಂಶದಲ್ಲಿ ಈ ವಾದ ಅರ್ಧ ಮಾತ್ರ ನಿಜ. ಹಲವು ಬಿರುಕುಗಳು ಕಳ್ಳರಿಗೂ ಗೊತ್ತಿರುವುದಿಲ್ಲ. ತೇಪೆ ಬಂದಾಗಲೇ ಗೊತ್ತಾಗುವುದು. ಹಳೆಯ ಪ್ರತಿಯನ್ನೂ ತೇಪೆ ಹಚ್ಚಿದ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಏನು ಬದಲಾಗಿದೆ ಎಂದು ಹುಡುಕಿದರೆ ಕನ್ನ ಹಾಕಬೇಕಾದ ಜಾಗ ಕೈಗೆ ಸಿಗುತ್ತದೆ. 2008ರಲ್ಲಿ ಅಮೆರಿಕದ ನಾಲ್ವರು ಸಂಶೋಧಕರು ಈ ಹುಡುಕಾಟವನ್ನೇ ಯಂತ್ರಕ್ಕೆ ಒಪ್ಪಿಸಬಹುದೆಂದು ತೋರಿಸಿದರು. ಮೈಕ್ರೋಸಾಫ್ಟ್‌ನ ಐದು ಪ್ರೋಗ್ರಾಂಗಳ ತೇಪೆ ಕೊಟ್ಟರೆ, ತೇಪೆಯಿಲ್ಲದ ಪ್ರತಿಯನ್ನು ಭೇದಿಸುವ ಅಸ್ತ್ರವನ್ನು ಅವರ ಯಂತ್ರ ಕೆಲವೇ ನಿಮಿಷಗಳಲ್ಲಿ ಕೊಡುತ್ತಿತ್ತು. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತಿಂಗಳ ಎರಡನೆಯ ಮಂಗಳವಾರಕ್ಕೆ ತೇಪೆಗಳ ದಿನ ಗೊತ್ತುಮಾಡಿದಾಗ, ಹಾಗಾದರೆ ಬುಧವಾರ ಕನ್ನದ ದಿನ ಎಂದು ಈ ಕಸುಬಿನವರು ನಕ್ಕದ್ದು ಸುಮ್ಮನಲ್ಲ.

ನಗೆ ನಿಂತುಹೋದ ಪ್ರಸಂಗ 2017ರದು. ವೆಬ್‌ಸೈಟುಗಳನ್ನು ಕಟ್ಟುವವರಿಗೆ ಸಿದ್ಧ ಚೌಕಟ್ಟು ಒದಗಿಸುವ ‘ಅಪಾಚೆ ಸ್ಟ್ರಟ್ಸ್’ ಎಂಬ ಉಚಿತ ತಂತ್ರಾಂಶವಿದೆ. ಮನೆ ಕಟ್ಟುವವರು ಕಿಟಕಿ ಬಾಗಿಲು ತಾವೇ ಕೆತ್ತದೆ ಸಿದ್ಧವಾದದ್ದನ್ನು ತಂದು ಕೂರಿಸುವುದಿಲ್ಲವೇ, ಹಾಗೆ. ಜಗತ್ತಿನ ದೊಡ್ಡ ಕಂಪನಿಗಳೂ ಬ್ಯಾಂಕುಗಳೂ ಇದನ್ನು ಬಳಸುತ್ತಿದ್ದವು. ಇದರ ಬಿರುಕು ವಿಚಿತ್ರದ್ದು. ಕಚೇರಿಯೊಂದಕ್ಕೆ ಯಾರೋ ತಪ್ಪುತಪ್ಪಾಗಿ ತುಂಬಿದ ಅರ್ಜಿ ಕೊಡುತ್ತಾರೆ ಎನ್ನಿ. ಗುಮಾಸ್ತ ‘ನೀವು ಹೀಗೆ ಬರೆದಿದ್ದೀರಿ, ಇದು ತಪ್ಪು’ ಎಂದು ಹಿಂಬರಹ ಬರೆಯುವಾಗ ಅರ್ಜಿಯ ಸಾಲನ್ನು ನಕಲು ಮಾಡುತ್ತಾನೆ. ನಕಲು ಮಾಡುತ್ತಾ ಅದರಲ್ಲಿರುವ ‘ಖಜಾನೆಯ ಬೀಗದ ಕೈ ಕೊಡಿ’ ಎಂಬ ಮಾತನ್ನು ಓದಿ ಬೀಗದ ಕೈಯನ್ನೂ ಕೊಟ್ಟುಬಿಡುತ್ತಾನೆ! ಸ್ಟ್ರಟ್ಸ್ ಮಾಡುತ್ತಿದ್ದದ್ದು ಬಹುಮಟ್ಟಿಗೆ ಇದನ್ನೇ. ತಪ್ಪು ಮಾಹಿತಿಗೆ ದೋಷಸಂದೇಶ ಬರೆಯುವಾಗ ಅದರೊಳಗಿನ ಆಜ್ಞೆಯನ್ನು ನಡೆಸಿಕೊಡುತ್ತಿತ್ತು.

ಮಾರ್ಚ್ 7ರಂದು ತೇಪೆ ಹೊರಬಂತು. ಅಮೆರಿಕ ಸರ್ಕಾರದ ತುರ್ತು ತಂಡ ಮರುದಿನವೇ ಎಚ್ಚರಿಕೆ ಕೊಟ್ಟಿತು. ಅಟ್ಲಾಂಟಾದ ಈಕ್ವಿಫ್ಯಾಕ್ಸ್ ಕಂಪನಿ 9ರಂದು ತನ್ನ ನಾನೂರಕ್ಕೂ ಹೆಚ್ಚು ಸಿಬ್ಬಂದಿಗೆ, 48 ಗಂಟೆಗಳೊಳಗೆ ತೇಪೆ ಹಾಕಬೇಕೆಂದು ಪತ್ರ ಕಳಿಸಿತು. ಸಾಲ ಕೇಳಿದವರ ಪೂರ್ವಾಪರವನ್ನು ಬ್ಯಾಂಕುಗಳಿಗೆ ತಿಳಿಸುವುದು ಈ ಕಂಪನಿಯ ವ್ಯಾಪಾರ. ಜನ ತಾವಾಗಿ ಅದಕ್ಕೆ ಏನನ್ನೂ ಕೊಟ್ಟಿರುವುದಿಲ್ಲ, ಆದರೂ ಅವರ ಹುಟ್ಟಿದ ದಿನದಿಂದ ಹಿಡಿದು ಸಾಲದ ಕಂತಿನವರೆಗೆ ಎಲ್ಲವೂ ಅಲ್ಲಿರುತ್ತದೆ. ಪತ್ರ ಹೋಯಿತು, ತೇಪೆ ಬೀಳಲಿಲ್ಲ. ಗ್ರಾಹಕರ ತಕರಾರು ಕೇಳಲೆಂದು 1970ರ ದಶಕದಲ್ಲಿ ಕಟ್ಟಿದ ಒಂದು ಹಳೆಯ ವ್ಯವಸ್ಥೆಯ ಮುಂಬಾಗಿಲಿನಲ್ಲಿ ಸ್ಟ್ರಟ್ಸ್ ಇದೆ ಎಂಬುದೇ ಅದನ್ನು ಸರಿಪಡಿಸಬೇಕಾದವರ ಗಮನಕ್ಕೆ ಬರಲಿಲ್ಲ. 15ರಂದು ಯಂತ್ರ ಬಿಟ್ಟು ಶೋಧಿಸಿದರು. ಅದಕ್ಕೂ ಕಾಣಲಿಲ್ಲ. ಆದರೆ ಕಳ್ಳರಿಗೆ 10ರಂದೇ, ಅಂದರೆ ತೇಪೆ ಬಂದ ಮೂರೇ ದಿನಕ್ಕೆ, ಕಂಡಿತ್ತು.

ಮೇ 13ರಿಂದ ಅವರು ಕೆಲಸಕ್ಕೆ ತೊಡಗಿದರು. ಒಳಗೆ ಒಂದು ಕಡತದಲ್ಲಿ ಬೇರೆ ಭಂಡಾರಗಳ ಗುಪ್ತಪದಗಳು ತೆರೆದಿಟ್ಟಂತೆ ಸಿಕ್ಕವು. ಎರಡೂವರೆ ತಿಂಗಳ ಕಾಲ ಸುಮಾರು 9,000 ಪ್ರಶ್ನೆಗಳನ್ನು ಕೇಳಿ, ಬೇಕಾದದ್ದನ್ನು ಚಿಕ್ಕಚಿಕ್ಕ ಗಂಟು ಕಟ್ಟಿ ಸಾಗಿಸಿದರು. ಹೊರಹೋಗುವ ಮಾಹಿತಿಯನ್ನು ತಪಾಸಣೆ ಮಾಡುವ ಉಪಕರಣ ಕಂಪನಿಯಲ್ಲಿ ಇತ್ತು. ಆದರೆ ಅದರ ಡಿಜಿಟಲ್ ಪ್ರಮಾಣಪತ್ರದ ಅವಧಿ ಎಂದೋ ಮುಗಿದುಹೋಗಿ, ಮುಚ್ಚಿದ ಲಕೋಟೆಯ ಒಳಗೇನಿದೆ ಎಂದು ಅದು ನೋಡಲಾರದಾಗಿತ್ತು. ಚೆಕ್‌ಪೋಸ್ಟ್ ಇದೆ, ಕಾವಲುಗಾರನೂ ಇದ್ದಾನೆ, ಕಣ್ಣಿಗೆ ಬಟ್ಟೆ ಕಟ್ಟಿದೆ. ಜುಲೈ 29ರಂದು ಯಾರೋ ಪ್ರಮಾಣಪತ್ರವನ್ನು ನವೀಕರಿಸಿದರು. ಅಂದೇ ಅನುಮಾನ ಬಂತು, ಕಳ್ಳತನ ಬಯಲಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. 14 ಕೋಟಿ 70 ಲಕ್ಷಕ್ಕೂ ಹೆಚ್ಚು ಜನರ ಹೆಸರು, ಜನ್ಮದಿನ, ಸಾಮಾಜಿಕ ಭದ್ರತಾ ಸಂಖ್ಯೆ ಹೋಗಿದ್ದವು. ಗುಪ್ತಪದ ಹೋದರೆ ಬದಲಿಸಬಹುದು. ಹುಟ್ಟಿದ ದಿನವನ್ನು ಬದಲಿಸುವುದು ಹೇಗೆ?

ಅಕ್ಟೋಬರಿನಲ್ಲಿ ಕಂಪನಿಯ ನಿರ್ಗಮಿತ ಮುಖ್ಯಸ್ಥ ಅಮೆರಿಕದ ಸಂಸತ್ತಿನ ಮುಂದೆ ನಿಂತು, ತೇಪೆಯ ಸಂದೇಶವನ್ನು ಮುಟ್ಟಿಸಬೇಕಾದ ಒಬ್ಬ ವ್ಯಕ್ತಿ ಮುಟ್ಟಿಸಲಿಲ್ಲ ಎಂದರು. ಒಬ್ಬ ನೌಕರನ ಮರೆವಿನ ಮೇಲೆ ಹದಿನಾಲ್ಕು ಕೋಟಿ ಜನರ ಗುಟ್ಟು ನಿಂತಿದ್ದರೆ ತಪ್ಪು ಆ ನೌಕರನದೇ, ಹಾಗೆ ನಿಲ್ಲಿಸಿದವರದೇ? ಇದನ್ನು ಸಂಪೂರ್ಣವಾಗಿ ತಪ್ಪಿಸಬಹುದಾಗಿತ್ತು ಎಂದು ಪ್ರತಿನಿಧಿ ಸಭೆಯ ಸಮಿತಿ 2018ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 2019ರಲ್ಲಿ ಕಂಪನಿ 70 ಕೋಟಿ ಡಾಲರುಗಳವರೆಗೆ ತೆರಲು ಒಪ್ಪಿತು. 2020ರಲ್ಲಿ ಚೀನಾ ಸೇನೆಯ ನಾಲ್ವರ ಮೇಲೆ ಅಮೆರಿಕ ಆರೋಪಪಟ್ಟಿ ಹೊರಿಸಿತು.

ಹಾಗಾದರೆ ತೇಪೆ ಬಂದೊಡನೆ ಏಕೆ ಹಾಕುವುದಿಲ್ಲ? ಸೋಮಾರಿತನ ಎಂದು ಬೈಯುವುದು ಸುಲಭ. ಆದರೆ ಓಡುವ ಬಂಡಿಯ ಕಡಾಣಿ ಬದಲಿಸುವ ಕಷ್ಟ ಬಂಡಿ ಹೊಡೆಯುವವನಿಗೇ ಗೊತ್ತು. ಒಂದೆಡೆ ಹೊಲಿದರೆ ಇನ್ನೊಂದೆಡೆ ಹರಿಯಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಕಳಿಸಿದ ಒಂದು ದೋಷಪೂರಿತ ಹೊಸ ಕಡತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಮಲಗಿಸಿತು. ಅದು ಬಿರುಕು ಮುಚ್ಚುವ ತೇಪೆಯಲ್ಲ, ಕಾವಲುಗಾರನಿಗೆ ಕೊಟ್ಟ ಹೊಸ ಚೀಟಿ, ಅಷ್ಟೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಅಂದು ಪ್ರಯಾಣಿಕರು ಸಾಲುಗಟ್ಟಿದರು. ದೇಶದ ಹಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಇಂಥದ್ದನ್ನು ಕಂಡವರು ಮುಂದಿನ ಸಲ ‘ಒಂದು ವಾರ ನೋಡೋಣ’ ಎಂದರೆ ಆಶ್ಚರ್ಯವಿಲ್ಲ. ಆ ಒಂದು ವಾರ ಕಳ್ಳನಿಗೂ ಬೇಕಾದದ್ದೇ.

ಇದೆಲ್ಲ ಸಿದ್ಧವಾದ ತಂತ್ರಾಂಶದ ಮಾತಾಯಿತು. ತಂತ್ರಾಂಶ ತಯಾರಾಗುವ ಕಮ್ಮಟದಲ್ಲೇ ಬಿರುಕು ಬಿಟ್ಟರೆ? ಮನೆಯ ಬೀಗ ಒಡೆದರೆ ಒಂದು ಮನೆ ಹೋಗುತ್ತದೆ, ಬೀಗ ಮಾಡುವವನ ಅಚ್ಚು ಕದ್ದರೆ ಊರೇ ಹೋಗುತ್ತದೆ. 2020ರ ಡಿಸೆಂಬರಿನಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯಲ್ಲಿ ಹೊರಬಿದ್ದದ್ದು ಅದೇ. ಕಳ್ಳರು ತಯಾರಿಕೆಯ ಹಂತದಲ್ಲೇ ವಿಷ ಬೆರೆಸಿದ್ದರು, ಕಂಪನಿಯ ಮೊಹರು ಬಿದ್ದ ಅಧಿಕೃತ ನವೀಕರಣವಾಗಿಯೇ ಅದು ಸುಮಾರು 18,000 ಗ್ರಾಹಕರನ್ನು ಮುಟ್ಟಿತ್ತು.

ಇಂಥ ಕಮ್ಮಟಗಳಲ್ಲಿ ಒಂದು ಗಿಟ್‌ಲ್ಯಾಬ್. ಉಕ್ರೇನಿನ ಡಿಮಿಟ್ರಿ ಜಪೊರೊಜೆಟ್ಸ್ 2011ರಲ್ಲಿ ಆರಂಭಿಸಿದ್ದು. ಎಂಜಿನಿಯರುಗಳು ಬರೆದ ಪ್ರೋಗ್ರಾಂ ಇಡುವುದು, ಯಾರು ಯಾವ ಸಾಲು ಬದಲಿಸಿದರೆಂದು ದಾಖಲಿಸುವುದು, ಪರೀಕ್ಷಿಸಿ ಹೊರಗೆ ಕಳಿಸುವುದು ಎಲ್ಲವೂ ಇಲ್ಲೇ ಆಗುತ್ತದೆ. ಕಂಪನಿಗಳು ಇದನ್ನು ತಮ್ಮದೇ ಗಣಕದಲ್ಲಿ ಇಟ್ಟುಕೊಳ್ಳಬಹುದು. ಆಗ ತೇಪೆ ಹಾಕುವ ಹೊಣೆಯೂ ಅವರದೇ. 2024ರ ಜನವರಿ 11ರಂದು ಗಿಟ್‌ಲ್ಯಾಬ್ ಒಂದು ಬಿರುಕನ್ನು ಪ್ರಕಟಿಸಿತು. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಗುಪ್ತಪದ ಮರೆತವರು ಹೊಸದನ್ನು ಪಡೆಯಲು ತಮ್ಮ ಇ-ಮೇಲ್ ವಿಳಾಸ ಕೊಡುತ್ತಾರಷ್ಟೆ. ಆ ಕೋರಿಕೆಯಲ್ಲಿ ಖಾತೆದಾರನ ವಿಳಾಸದ ಜೊತೆಗೆ ಕಳ್ಳ ತನ್ನ ವಿಳಾಸವನ್ನೂ ಸೇರಿಸಿ ಕಳಿಸಿದರೆ, ಪತ್ರ ಇಬ್ಬರಿಗೂ ಹೋಗುತ್ತಿತ್ತು! ಎರಡನೆಯ ವಿಳಾಸ ಯಾರದೆಂದು ವಿಚಾರಿಸುವ ಗೊಡವೆಗೇ ಯಂತ್ರ ಹೋಗುತ್ತಿರಲಿಲ್ಲ. ಗುಪ್ತಪದದ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವಂತೆ ಮಾಡಿಕೊಂಡಿದ್ದವರ ಖಾತೆ ಮಾತ್ರ ಕೈತಪ್ಪದೆ ಉಳಿಯುತ್ತಿತ್ತು.

ಗಿಟ್‌ಲ್ಯಾಬ್ ಆ ದಿನವೇ ಹೊಸ ಆವೃತ್ತಿಗಳಿಗಲ್ಲದೆ ಕೆಲವು ಹಳೆಯ ಆವೃತ್ತಿಗಳಿಗೂ ತೇಪೆ ಹೊಲಿದುಕೊಟ್ಟಿತು. ಹನ್ನೆರಡು ದಿನಗಳ ಬಳಿಕ ಜಾಲವನ್ನು ಎಣಿಸಿ ನೋಡಿದ ಸ್ವಯಂಸೇವಾ ಸಂಸ್ಥೆಯೊಂದಕ್ಕೆ, ತೇಪೆ ಕಾಣದ 5,300ಕ್ಕೂ ಹೆಚ್ಚು ಗಿಟ್‌ಲ್ಯಾಬ್ ಗಣಕಗಳು ಸಿಕ್ಕವು. ಮೇ 1ರಂದು ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಈ ಬಿರುಕನ್ನು ‘ಕಳ್ಳರು ಬಳಸುತ್ತಿರುವವು’ ಎಂಬ ತನ್ನ ಪಟ್ಟಿಗೆ ಸೇರಿಸಿ, ಮೂರು ವಾರಗಳೊಳಗೆ ಸರಿಪಡಿಸಿರೆಂದು ಸರ್ಕಾರಿ ಇಲಾಖೆಗಳಿಗೆ ಆಜ್ಞೆ ಮಾಡಿತು. ತೇಪೆ ಬಂದು ಅಂದಿಗೆ 111 ದಿನಗಳಾಗಿದ್ದವು.