ತರಗತಿಯಾಚೆಯ ಪಾಠ: ಹುಣಸಮಾರನಹಳ್ಳಿಯಿಂದ ಒಂದು ಅವಲೋಕನ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಯಲಹಂಕವನ್ನು ದಾಟಿದ ಮೇಲೆ ಹುಣಸಮಾರನಹಳ್ಳಿ ಎದುರಾಗುತ್ತದೆ. ಶ್ರೀ ಕೃಷ್ಣದೇವರಾಯ ಎಜುಕೇಷನಲ್ ಟ್ರಸ್ಟಿನವರು 1986ರಲ್ಲಿ ಸ್ಥಾಪಿಸಿದ ತಾಂತ್ರಿಕ ಮಹಾವಿದ್ಯಾಲಯವೊಂದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು ಇಲ್ಲಿ ನಿಂತಿದೆ. ತರಗತಿಯ ಪಾಠ ಸಾಲದೆ ಹೆಚ್ಚಿನ ನೆರವನ್ನು ಅರಸುವುದು ದಡ್ಡತನದ ಗುರುತೆಂದು ಭಾವಿಸಿ, ಕೇಳಲು ನಾಚುವ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲಿಯೂ ಉಂಟು. ಈ ಭಾವನೆಗೆ ನಮ್ಮ ವಿದ್ಯಾಭ್ಯಾಸದ ಇತಿಹಾಸದಲ್ಲಿ ಆಧಾರವಿದೆಯೇ ಎಂಬುದನ್ನು ನಾವು ಪರಿಶೀಲಿಸಬೇಕಾಗಿದೆ.

ಆ ಹೆಸರಿನಿಂದಲೇ ಆರಂಭಿಸೋಣ. ಇದೇ ಹೆದ್ದಾರಿಯಲ್ಲಿ ಮುಂದೆ ಸಿಗುವ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿದರು. 1881ರಲ್ಲಿ ಬಿ.ಎ. ಪದವಿ ಪಡೆದ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನವೇ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ನೆರವನ್ನು ಕೊಟ್ಟು, ನೆರವನ್ನು ಪಡೆದು ಬೆಳೆದ ಆ ಮಹನೀಯರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತೆಂಬುದು ಗಮನಾರ್ಹ.

ಒಬ್ಬರು ಇನ್ನೊಬ್ಬರಿಗೆ ಮಾಡುತ್ತಿದ್ದ ಈ ಸಹಾಯವು ಕ್ರಮೇಣ ಸಾಮೂಹಿಕ ರೂಪವನ್ನು ತಾಳಿತು. ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರ ಸುಮಾರಿಗೆ 'ವಿಜ್ಞಾನ' ಎಂಬ ಪತ್ರಿಕೆಯ ಮೂಲಕ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ತಿಳಿಯಹೇಳಿದರು. ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ 'ಪ್ರಬುದ್ಧ ಕರ್ನಾಟಕ'ವನ್ನು ಹೊರಡಿಸಿದರು. ಇವು ಪರೀಕ್ಷೆಯ ಅಂಕಗಳಿಗಾಗಿ ಹುಟ್ಟಿದವಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದು ತಾಯ್ನುಡಿಯಲ್ಲಿ ಮನಸ್ಸಿಗೆ ಇಳಿಯಲಿ ಎಂಬ ಹಂಬಲದಿಂದ ಹುಟ್ಟಿದವು.

ಮುಂದಿನ ಘಟ್ಟ ಯಂತ್ರಗಳದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಅದರ ಕಾಲೇಜುಗಳಿಗೆ ಪಾಠಗಳು ಪ್ರಸಾರವಾದವು. 2010ರಲ್ಲಿ ಆ ಉಪಗ್ರಹದ ಆಯುಷ್ಯ ಮುಗಿಯಿತು. ಐಐಟಿಗಳೂ ಭಾರತೀಯ ವಿಜ್ಞಾನ ಮಂದಿರವೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ 'ಸ್ವಯಂ' ಇವುಗಳಿಂದ ಹೆಸರಾಂತ ಅಧ್ಯಾಪಕರ ಉಪನ್ಯಾಸಗಳು ಹಳ್ಳಿಯ ವಿದ್ಯಾರ್ಥಿಗೂ ಎಟುಕುವಂತಾದವು.

ಇದು ದೊಡ್ಡ ಲಾಭವೇ ಸರಿ. ಆದರೆ ಧ್ವನಿಮುದ್ರಿತ ಪಾಠಕ್ಕೆ ವಿದ್ಯಾರ್ಥಿಯ ಮುಖ ಕಾಣದು. ಕನ್ನಡ ಮಾಧ್ಯಮದಿಂದ ಬಂದವನು ತೊಡಕಿರುವುದು ಗಣಿತದಲ್ಲೋ ಭಾಷೆಯಲ್ಲೋ ಎಂದರಿಯದೆ ಕಂಗೆಟ್ಟಾಗ, ಅದನ್ನು ಗುರುತಿಸಬಲ್ಲವರು ಎದುರಿಗಿರುವ ಅಧ್ಯಾಪಕರು ಅಥವಾ ಜೊತೆಯಲ್ಲಿ ಕುಳಿತು ಓದುವ ಗೆಳೆಯರು ಮಾತ್ರ. ಆದುದರಿಂದ ಅಧ್ಯಾಪಕರು ತರಗತಿಯ ನಂತರದ ಒಂದು ಗಳಿಗೆಯನ್ನು ಇದಕ್ಕಾಗಿ ಮೀಸಲಿಡಬೇಕು. ವಿದ್ಯಾರ್ಥಿಗಳು ಸಂಕೋಚವನ್ನು ತೊರೆದು ಕೇಳಬೇಕು. ಕಾಲೇಜಿನ ಬಾಗಿಲಲ್ಲಿ ಯಾರ ಹೆಸರನ್ನು ಬರೆದಿದ್ದೇವೆಯೋ ಅವರ ಬಾಳೇ ಇದಕ್ಕೆ ಸಾಕ್ಷಿಯಾಗಿದೆ.