ಗುಂಡ್ಲುಪೇಟೆ ರಸ್ತೆಯಲ್ಲಿ ದೋಣಿಯ ಭಾಷೆ

ಚಾಮರಾಜನಗರ ಜಿಲ್ಲೆಗೆ ಸಮುದ್ರವಿಲ್ಲ. ನಮ್ಮ ಕೆರೆ, ಜಲಾಶಯಗಳ ತೆಪ್ಪಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಆದರೂ ಸಮುದ್ರದ ದೋಣಿಗೆಂದೇ ಹುಟ್ಟಿದ ಒಂದು ಭಾಷೆ ದಿನವೂ ಗುಂಡ್ಲುಪೇಟೆ ಹಾದು ಊಟಿಗೂ ಸುಲ್ತಾನ್ ಬತ್ತೇರಿಗೂ ಓಡಾಡುತ್ತಿದೆ (ರಾತ್ರಿ 9ಕ್ಕೆ ಬಂಡೀಪುರದ ಗೇಟು ಹಾಕಿದ ಮೇಲೆ ಬಿಡಿ). ಬಸ್ಸು, ಟ್ಯಾಕ್ಸಿಗಳಲ್ಲಿ ಕೂರಿಸಿರುವ ಜಿಪಿಎಸ್ ಪೆಟ್ಟಿಗೆಯ ಚಿಪ್ ಸಾಮಾನ್ಯವಾಗಿ ಆಡುವುದು ಆ ಭಾಷೆಯನ್ನೇ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಅದು ಇದೆ. ಹೆಸರು ಎನ್‌ಎಂಇಎ 0183.

1957ರಲ್ಲಿ ಅಮೆರಿಕದಲ್ಲಿ ದೋಣಿಗಳಿಗೆ ಎಲೆಕ್ಟ್ರಾನಿಕ್ ಸಾಮಾನು ಮಾರುವವರು ಸೇರಿ ಒಂದು ಸಂಘ ಕಟ್ಟಿಕೊಂಡರು. ಎನ್‌ಎಂಇಎ ಎಂಬುದು ಆ ಸಂಘದ ಹೆಸರಿನ ಮೊದಲಕ್ಷರಗಳು. ಆಗ ದೋಣಿಯಲ್ಲಿ ನೀರಿನ ಆಳ ಅಳೆಯುವ ಯಂತ್ರ ಒಂದು ಕಂಪನಿಯದು, ದಿಕ್ಕು ತೋರಿಸುವುದು ಇನ್ನೊಂದರದು, ತಾನೇ ಚುಕ್ಕಾಣಿ ಹಿಡಿಯುವುದು ಮತ್ತೊಂದರದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. 1983ರಲ್ಲಿ ಸಂಘ ಈ ಕಟ್ಟಳೆ ತಂದಿತು: ಸೆಕೆಂಡಿಗೆ 4800 ಬಿಟ್ ವೇಗ, ಒಂದು ಸಾಲಿಗೆ ಹೆಚ್ಚೆಂದರೆ 82 ಅಕ್ಷರ. ಒಂದು ತಂತಿಯಲ್ಲಿ ಮಾತಾಡುವ ಯಂತ್ರ ಒಂದೇ, ಕೇಳುವವು ಹಲವು. ಹರಿಕಥೆ ನಡೆದ ಹಾಗೆ.

ಅದೇ 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಲಾಯಿತು. ಸತ್ತವರು 269 ಜನ. ಸೇನೆಗೆಂದು ಕಟ್ಟುತ್ತಿದ್ದ ಜಿಪಿಎಸ್ಸನ್ನು ಜನಸಾಮಾನ್ಯರಿಗೂ ಕೊಡುತ್ತೇವೆ ಎಂದು ಅಧ್ಯಕ್ಷ ರೇಗನ್ ಸರ್ಕಾರ ಆ ತಿಂಗಳೇ ಹೇಳಿತು. ಮುಂದೆ ಜಿಪಿಎಸ್ ಯಂತ್ರ ಮಾಡುವವರು ಹೊಸ ಭಾಷೆ ಹುಡುಕದೆ ದೋಣಿಯವರದನ್ನೇ ಎತ್ತಿಕೊಂಡರು.

ನಮ್ಮ ಕರಾವಳಿಯಲ್ಲಿ ಇದು ಜೀವದ ಮಾತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲಿನಲ್ಲಿ ನೌಕಾಪಡೆಯ ಹಡಗಿಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟೂ ದಿನ ಏಳು ಮನೆಯವರು ಕೇಳುತ್ತಿದ್ದುದು 'ಬೋಟು ಎಲ್ಲಿದೆ' ಎಂಬ ಒಂದೇ ಪ್ರಶ್ನೆ.

ಆ 'ಎಲ್ಲಿ'ಗೆ ಈ ಭಾಷೆ ಉತ್ತರ ಕೊಡುವ ಬಗೆ ನಮಗೆ ಬಹಳ ಹಿಡಿಸಿತು. ಸಾಲು ಡಾಲರ್ ಚಿಹ್ನೆಯಿಂದ ಶುರುವಾಗುತ್ತದೆ. ಗುಂಡ್ಲುಪೇಟೆಯಲ್ಲಿ ನಿಂತರೆ ಅದರಲ್ಲಿ 1148 ಎಂದು ಬರುತ್ತದೆ, ಅಂದರೆ ಉತ್ತರಕ್ಕೆ 11 ಡಿಗ್ರಿ 48 ನಿಮಿಷ. ಆಮೇಲೆ 07641, ಪೂರ್ವಕ್ಕೆ 76 ಡಿಗ್ರಿ 41 ನಿಮಿಷ. ಗಂಟೆ ಮಾತ್ರ ಗ್ರೀನಿಚ್ ಲೆಕ್ಕದ್ದು, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಎಸ್ಸೆಸ್ಸೆಲ್ಸಿ ಓದಿದವರು ಕುಳಿತು ಬಿಡಿಸಬಹುದಾದ ಸಾಲು ಇದು.

ಆದರೆ ಓದಲು ಒಂದು ಕನ್ನಡಿ ಬೇಕಲ್ಲ. ಅದೇ ಹಳೆಯ ಲ್ಯಾಪ್‌ಟಾಪ್. ಹಿಂಭಾಗದಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ, 9 ಸೂಜಿಗಳ ಕಿಂಡಿ ಇದೆಯೇ ನೋಡಿ. ಅದು ಸೀರಿಯಲ್ ಪೋರ್ಟ್. ಅದರ ಮೂಲ ಕಟ್ಟಳೆ 1960ರದು, ಟೆಲಿಪ್ರಿಂಟರ್ ಕಾಲದ್ದು. 1996ರಲ್ಲಿ ಯುಎಸ್‌ಬಿ ಬಂದ ಮೇಲೆ ನಿಧಾನಕ್ಕೆ ಲ್ಯಾಪ್‌ಟಾಪ್‌ಗಳಿಂದ ಅದು ಮಾಯವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಕಿಂಡಿಯ ಮಾತು ಕೇಳುವ ಹೈಪರ್‌ಟರ್ಮಿನಲ್ ತಂತ್ರಾಂಶ ಜೊತೆಗೇ ಬರುತ್ತಿತ್ತು. ಮುಂದಿನ ವಿಸ್ತಾದಲ್ಲಿ ಅದನ್ನು ಕೈಬಿಟ್ಟರು. ಇಂಟರ್‌ನೆಟ್ಟಿಗೆ ಲಾಯಕ್ಕಿಲ್ಲ ಎಂದು ನಾವು ಗುಜರಿಗೆ ಹಾಕುವ ಯಂತ್ರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನೆಟ್ ಬೇಡ, ವೇಗ ಬೇಡ. ಸೆಕೆಂಡಿಗೆ 480 ಅಕ್ಷರ ಓದಿದರೆ ಸಾಕು.

ದೋಣಿ ರಿಪೇರಿಯವರಿಗೆ ಇದರಿಂದ ಉಪಯೋಗ ಏನೆಂದರೆ, ತಪ್ಪು ಯಾವ ತುದಿಯಲ್ಲಿದೆ ಎಂದು ತಿಳಿಯುತ್ತದೆ. ನಕ್ಷೆಯ ಪರದೆ ಖಾಲಿಯಾದ ಕೂಡಲೇ ಪರದೆ ಕೆಟ್ಟಿತು ಎಂದು ದುಡ್ಡು ಸುರಿಯಬೇಕಿಲ್ಲ. ಜಿಪಿಎಸ್ಸಿನ ತಂತಿಯನ್ನು ಲ್ಯಾಪ್‌ಟಾಪಿಗೆ ಕೊಟ್ಟು ನೋಡಬೇಕು. ಏನೂ ಬರಲಿಲ್ಲವೇ? ತಂತಿ ಉಪ್ಪುನೀರಿಗೆ ತುಕ್ಕು ಹಿಡಿದಿರಬಹುದು, ಅಥವಾ ಎರಡು ತಂತಿ ಅದಲುಬದಲಾಗಿರಬಹುದು. ಅರ್ಥವಿಲ್ಲದ ಚಿಹ್ನೆಗಳು ಬಂದರೆ ಹೆಚ್ಚಾಗಿ ವೇಗ ಹೊಂದಿಲ್ಲ. ಸುತ್ತಲಿನ ಹಡಗುಗಳನ್ನು ತೋರಿಸುವ ಯಂತ್ರ 4800ರಲ್ಲಲ್ಲ, 38400ರಲ್ಲಿ ಮಾತಾಡುತ್ತದೆ. ಸಾಲು ಸರಿಯಾಗಿದ್ದು ನಡುವೆ 'ಎ' ಬದಲು 'ವಿ' ಅಕ್ಷರ ಇದ್ದರೆ ತಂತಿ ಸರಿಯಿದೆ, ಉಪಗ್ರಹ ಸಿಕ್ಕಿಲ್ಲ, ಆಂಟೆನಾ ನೋಡಿ. ಎಲ್ಲವೂ ಸರಿಯಿದ್ದರೆ ಆಗ ಪರದೆಯನ್ನು ಅನುಮಾನಿಸಿ.

ನಮ್ಮೂರಿನಲ್ಲಿ ಮಾಡಿ ನೋಡುವವರಿಗೆ ಒಂದು ಮಾತು. ಬಸ್ಸು, ಟ್ಯಾಕ್ಸಿಯ ಸೀಲ್ ಮಾಡಿದ ಪೆಟ್ಟಿಗೆ ಬಿಚ್ಚಬೇಡಿ. ಬಿಡಿಯಾಗಿ ಸಿಗುವ ಜಿಪಿಎಸ್ ಚಿಪ್ಪಿನ ಹಲಗೆ ತಂದರೆ ಸಾಕು. ಆದರೆ ಅದನ್ನು 9 ಸೂಜಿಯ ಕಿಂಡಿಗೆ ನೇರ ಕೊಡಬೇಡಿ: ಹಲಗೆಯದು 3.3 ವೋಲ್ಟ್, ಕಿಂಡಿಯದು ಅದಕ್ಕಿಂತ ಹೆಚ್ಚು. ನಡುವೆ ಒಂದು ಪರಿವರ್ತಕ ಇಡಬೇಕು, ಇಲ್ಲವಾದರೆ ಹಲಗೆ ಸುಟ್ಟೀತು.