ಪಾಸ್‌ಬುಕ್ಕಿನಲ್ಲಿ ಇಲ್ಲದ ಹೆಸರು: ಕೊಡಂಗಲ್ ಸೀಮೆಯ ಎಕರೆ ಲೆಕ್ಕದ ಸಹಾಯಧನ

ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಲೆ, ಶಾಸನ, ಜಾನಪದದ ಬಗ್ಗೆ ಮಾತಾಡ್ತೀವಿ. ನಾನಿವತ್ತು ರೈತರ ಖಾತೆಗೆ ಬೀಳುವ ರೊಕ್ಕದ ಬಗ್ಗೆ ಹೇಳಬೇಕೆಂದಿದ್ದೇನೆ. ಯಾಕಂದ್ರೆ ಆ ರೊಕ್ಕ ಯಾರಿಗೆ ಸೇರಬೇಕು ಎಂಬುದನ್ನು ತೀರ್ಮಾನಿಸುವುದು ಹೊಲವಲ್ಲ, ಕಾಗದ. ಆ ಕಾಗದಕ್ಕೂ ಒಂದು ಚರಿತ್ರೆ ಇದೆ.

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳೂ ರಾಯಚೂರಿನ ಗದ್ವಾಲ, ಆಲಂಪುರ ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿದ್ದ ಕಂದಾಯ ದಾಖಲೆ ಇಲ್ಲಿ ತೆಲುಗಿಗೆ ಬಂತು, ಗೆರೆಯ ಆಚೆ ಕನ್ನಡಕ್ಕೆ ಹೋಯಿತು. ಆದರೆ ಪಹಣಿ, ಪಟ್ಟಾ, ರಯತ ಎಂಬ ಮಾತುಗಳು ಎರಡೂ ಕಡೆ ಹಾಗೇ ಉಳಿದವು.

ಪಹಣಿಯಲ್ಲಿ ಮುಖ್ಯವಾದ ಎರಡು ಕಲಂ ಇರುತ್ತಿದ್ದವು. ಒಂದು ಪಟ್ಟೇದಾರನದು, ಇನ್ನೊಂದು ಅನುಭವದಾರನದು, ಅಂದರೆ ಹೊಲ ನಿಜವಾಗಿ ಯಾರ ಕೈಯಲ್ಲಿದೆಯೋ ಅವನದು. ಕರ್ನಾಟಕದ ಪಹಣಿಯಲ್ಲಿ ಇವತ್ತಿಗೂ 9ನೇ ಕಲಂ ಮಾಲೀಕನದು, 12ನೇದು ಸಾಗುವಳಿದಾರನದು. ತೆಲಂಗಾಣದಲ್ಲಿ 2017ರಲ್ಲಿ ಭೂದಾಖಲೆ ಶುದ್ಧೀಕರಣ ನಡೆಯಿತು. ಆಮೇಲೆ ಕೊಟ್ಟ ಹೊಸ ಪಾಸ್‌ಬುಕ್ಕಿನಲ್ಲಿ ಉಳಿದವನು ಪಟ್ಟೇದಾರ ಮಾತ್ರ.

ಆ ಪಾಸ್‌ಬುಕ್ಕೇ ರೈತಬಂಧುವಿಗೆ ಆಧಾರವಾಯಿತು. 2018ರ ಮೇ 10ರಂದು ಆರಂಭವಾದ ಈ ಯೋಜನೆಯಲ್ಲಿ ಪ್ರತಿ ಹಂಗಾಮಿಗೆ ಎಕರೆಗೆ 4,000 ರೂಪಾಯಿ. ಮುಂದೆ ಅದು 5,000 ಆಯಿತು. ಜಮೀನಿಗೆ ಮಿತಿ ಇರಲಿಲ್ಲ. ಬಿತ್ತಿದರೂ ಬೀಳು ಬಿಟ್ಟರೂ ಪಟ್ಟಾ ಇದ್ದರೆ ಸಾಕಿತ್ತು. ಸಾಲಗಾರನ ಬಾಗಿಲಿಗೆ ಹೋಗದೆ ಬೀಜ, ಗೊಬ್ಬರ ತರಲು ಸಣ್ಣ ಹಿಡುವಳಿದಾರರಿಗೆ ಇದರಿಂದ ಅನುಕೂಲ ಆದದ್ದು ನಿಜ. ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ನಮ್ಮ ಸೋದರಮಾವ ಹಿಂದಿನಿಂದಲೂ ಮೂರು ಎಕರೆ ತೊಗರಿ ಹೊಲವನ್ನು ಪಾಲಿಗೆ ಮಾಡುತ್ತಾ ಬಂದವರು. ಮಾಲೀಕರು ಇರೋದು ಹೈದರಾಬಾದಿನಲ್ಲಿ. ಮೊದಲ ಹಂಗಾಮಿನ 12,000 ರೂಪಾಯಿ ಚೆಕ್ಕು ಅವರ ಹೆಸರಿಗೆ ಬಂತು. ಪಾಲು ಮಾತ್ರ ಒಂದು ಸೇರೂ ಕಡಿಮೆ ಆಗಲಿಲ್ಲ. ಮಾವ ಅಂದದ್ದು ಇಷ್ಟೇ: "ಹೊಲ ನಾ ಮಾಡ್ತೀನಿ, ರೊಕ್ಕ ಅವರಿಗಿ ಬರ್ತದ. ಬುಕ್ಕಿನಾಗ ನನ್ನ ಹೆಸರು ಎಲ್ಲದ?"

ಇದು ಒಂದು ಮನೆಯ ಮಾತಲ್ಲ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ರೈತರ ಜೊತೆಗೆ ಗೇಣಿದಾರರಿಗೂ ವರ್ಷಕ್ಕೆ ಎಕರೆಗೆ 15,000 ರೂಪಾಯಿ ಕೊಡುವ ಮಾತು ಕೊಟ್ಟಿತು. 2025ರ ಜನವರಿ 26ರಂದು ರೈತಭರೋಸಾ ಯೋಜನೆಗೆ ಚಾಲನೆ ಸಿಕ್ಕಿದ್ದು ಇದೇ ಕೊಡಂಗಲ್ ಕ್ಷೇತ್ರದ ಚಂದ್ರವಂಚ ಗ್ರಾಮದಲ್ಲಿ. ವರ್ಷಕ್ಕೆ ಎಕರೆಗೆ 12,000, ಅದೂ ಸಾಗುವಳಿಗೆ ಯೋಗ್ಯ ಭೂಮಿಗೆ ಮಾತ್ರ. ಭೂಮಿ ಇಲ್ಲದ ಕೂಲಿಕಾರರ ಕುಟುಂಬಕ್ಕೆ ಬೇರೊಂದು ಯೋಜನೆ ಬಂತು. ಪಾಲಿಗೆ ಮಾಡುವವರು ಮಾತ್ರ ಆಗಲೂ ಹೊರಗೇ ಉಳಿದರು.

ಗೇಣಿದಾರರನ್ನು ಗುರುತಿಸೋದು ಕಷ್ಟ, ವರ್ಷ ವರ್ಷ ಬದಲಾಗ್ತಾರೆ ಎನ್ನುವ ವಾದ ಇದೆ. ಆದರೆ ಮಡಕಶಿರಾ, ರಾಯದುರ್ಗದ ಕನ್ನಡಿಗರಿರುವ ಆಂಧ್ರಪ್ರದೇಶ 2019ರಲ್ಲೇ ಸಾಗುವಳಿದಾರರ ಹಕ್ಕಿಗೆ ಕಾನೂನು ಮಾಡಿ, ಕಾರ್ಡು ಕೊಟ್ಟು, ಹಿಂದುಳಿದ ಮತ್ತು ದಲಿತ ಸಮುದಾಯಗಳ ಗೇಣಿದಾರರನ್ನು ಸಹಾಯಧನದೊಳಗೆ ತಂದಿತು. ಕಾರ್ಡಿಗೆ ಮಾಲೀಕನ ಒಪ್ಪಿಗೆ ಬೇಕು ಎಂಬ ಕೊರತೆ ಅಲ್ಲಿತ್ತು. ಆದರೂ ಹೆಸರು ಬರೆಯಲು ಒಂದು ಜಾಗವಾದರೂ ಆಯಿತು.

1956ರ ಗೆರೆ ನಮ್ಮ ಭಾಷೆಗೆ ಏನು ಮಾಡಿತು ಅಂತ ನಾವು ಬಹಳ ಬರೆದಿದ್ದೇವೆ. ಅದೇ ಗೆರೆ ನಮ್ಮ ಪಹಣಿಗಳಿಗೆ ಏನು ಮಾಡಿತು ಎಂಬುದನ್ನೂ ಓದಬೇಕಿದೆ. ಉರ್ದು ಪಹಣಿ ಓದಬಲ್ಲ ಹಿರಿಯರು ಊರಲ್ಲಿ ಈಗ ಬೆರಳೆಣಿಕೆಯಷ್ಟು. ಅನುಭವದಾರನ ಕಲಮಿನಲ್ಲಿ ಯಾರ ಹೆಸರಿತ್ತು ಎಂದು ಅವರಿಂದಲೇ ಓದಿಸಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ಊರಿನಿಂದ ಶುರು ಮಾಡಿದ್ದೇನೆ.